ದಾರಿ ಹೊಳೆವರೆಗೆ ಮಾತ್ರ

ಹೋದ ವರ್ಷ ಜುಲೈನಲ್ಲಿ, ಅಂದ್ರೆ ನಮ್ಮ ಕೊಡಗಲ್ಲಿ ಮಳೆಗೆ ಸೈಕಲ್ ಗೋಡೆಗೆ ಒರಗಿಸಿ ಆಗಾಗ ಚೈನಿಗೆ ಎಣ್ಣೆ ಬಿಡೋದು ಬಿಟ್ರೆ ಬೇರೇನೂ ಮಾಡೋಕಾಗದ ತಿಂಗಳಲ್ಲಿ, ಮೇರಿಲ್ಯಾಂಡ್‌ನಲ್ಲಿರೋ ನಮ್ಮ ಚಿಕ್ಕಮ್ಮನ ಮಗ ಫ್ಯಾಮಿಲಿ ಗ್ರೂಪಿಗೆ ಒಂದಿಪ್ಪತ್ತು ಫೋಟೋ ಹಾಕಿದ. ಎಲ್ಲದರಲ್ಲೂ ಒಂದೇ ಸೀನು. ನಡುವೆ ಮಣ್ಣು-ಜಲ್ಲಿಯ ನೆಟ್ಟಗಿನ ದಾರಿ, ಒಂದು ಕಡೆ ಪಾಚಿ ಕಟ್ಟಿದ ಹಳೇ ಕಾಲುವೆ, ಇನ್ನೊಂದು ಕಡೆ ಮರಗಳ ಸಂದಿಯಲ್ಲಿ ದೊಡ್ಡ ಹೊಳೆ, ಮುಂದುಗಡೆ ಇವನ ಸೈಕಲ್ ಹ್ಯಾಂಡಲ್. "ನಾಲ್ಕು ದಿನ, 297 ಕಿಲೋಮೀಟರ್, ಪೂರ್ತಿ ಹೊಳೆ ಪಕ್ಕದಲ್ಲೇ. ಟೋಪಾತ್!" ಅಂತ ಕೆಳಗೆ ಬರೆದಿದ್ದ. ಚಿಕ್ಕಮ್ಮ ಅದಕ್ಕೆ "ಟೋ ಅಂದ್ರೆ ಕಾಲ್ಬೆರಳಲ್ವೇನೋ, ಅಷ್ಟು ಸಣ್ಣ ದಾರೀಲಿ ಯಾಕೋ ಹೋಗ್ತೀಯ, ಹುಷಾರು" ಅಂತ ಹಾಕಿದ್ರು. ಯಾರೂ ತಿದ್ದೋಕೆ ಹೋಗಲಿಲ್ಲ.

ಆಮೇಲೆ ನನಗೊಬ್ಬನಿಗೇ ಬೇರೆ ಮೆಸೇಜು. "ಅಣ್ಣಾ, ಡಿಸೆಂಬರ್‌ಗೆ ಬರ್ತಿದೀನಿ. ನಮ್ಮ ಕಾವೇರಿ ಪಕ್ಕದಲ್ಲೂ ಹೀಗೇ ಒಂದು ರೈಡ್ ಹೊಡಿಯೋಣ. ಭಾಗಮಂಡಲದಿಂದ ಕುಶಾಲನಗರ. ರೂಟ್ ನೀನು ನೋಡಿಡು." ನಾನು ಹೆಬ್ಬೆರಳು ಒತ್ತಿ ಕಳಿಸಿದೆ. ರೂಟ್ ನೋಡೋದರಲ್ಲಿ ಏನಿದೆ, ನಲವತ್ತು ವರ್ಷದಿಂದ ಈ ಹೊಳೆ ಹತ್ರಾನೇ ಬಿದ್ದಿದೀನಲ್ಲ. ಆದ್ರೆ ಅವತ್ತು ರಾತ್ರಿ ಕರೆಂಟ್ ಹೋಗಿ ಸುಮ್ನೆ ಮಲಗಿದ್ದಾಗ ಒಂದೊಂದೇ ಜಾಗ ಲೆಕ್ಕ ಹಾಕ್ತಾ ಹೋದೆ, ಬೇತ್ರಿ ಸೇತುವೆ ಮೇಲಿಂದ ನೋಡಿದೀನಿ, ಬಲಮುರೀಲಿ ಕಾಲು ತೊಳ್ದಿದೀನಿ, ದುಬಾರೇಲಿ ದೋಣಿಗೆ ಕ್ಯೂ ನಿಂತಿದೀನಿ, ಕಣಿವೆ ತೂಗುಸೇತುವೆ ಮೇಲೆ ಹೆಂಡ್ತಿ ಹೆದರಲಿ ಅಂತ ಬೇಕಂತಲೇ ಕುಣಿದಿದೀನಿ. ನೂರು ಕಡೆ ನೋಡಿದೀನಿ ಹೊಳೇನ. ಆದ್ರೆ ಅದರ ಜೊತೆಜೊತೆಗೆ ಒಂದೇ ಒಂದು ಕಿಲೋಮೀಟರ್ ಹೋಗಿದ್ದು ನೆನಪಿಗೆ ಬರಲಿಲ್ಲ. ಅಲ್ಲಿಂದ ಇದು ತಲೇಲಿ ಕೊರೆಯೋಕೆ ಶುರುವಾಗಿದ್ದು.

ಒಳಗೆ ಹೋಗಿ ವಾಪಸ್

ಸೈಕಲ್ ಬಗ್ಗೆ ಒಂದು ಮಾತು, ಯಾಕಂದ್ರೆ ಕೇಳೋರು ಇದ್ದೇ ಇರ್ತಾರೆ. ನಂದು ಗ್ರಾವೆಲ್ ಬೈಕ್. ನೋಡೋಕೆ ರೇಸ್ ಸೈಕಲ್ ತರ ಬಗ್ಗಿದ ಹ್ಯಾಂಡಲ್, ಆದ್ರೆ 40 ಎಂಎಂ ದಪ್ಪದ ಟಯರು, ಡಿಸ್ಕ್ ಬ್ರೇಕು, ಟ್ಯೂಬ್ ಇಲ್ಲ, ಟಯರ್ ಒಳಗೆ ಹಾಲಿನ ತರದ ಸೀಲಂಟ್. ಗಾಳಿ ಸ್ವಲ್ಪ ಕಮ್ಮಿ ಬಿಟ್ಕೊಂಡ್ರೆ ಟಾರ್ ಮೇಲೂ ಓಡತ್ತೆ, ಎಸ್ಟೇಟಿನ ಸೋಲಿಂಗ್ ಕಲ್ಲಿನ ಮೇಲೂ ಹಲ್ಲು ಉದುರದ ಹಾಗೆ ಕರ್ಕೊಂಡು ಹೋಗತ್ತೆ. ಕೊಡಗಿಗೆ ಇದಕ್ಕಿಂತ ಸರಿಯಾದ ಸೈಕಲ್ ಇಲ್ಲ ಅಂತ ನನ್ನ ವಾದ. ನಮ್ಮ ದಾರಿಗಳು ಅರ್ಧ ಟಾರು, ಅರ್ಧ ಕೆಮ್ಮಣ್ಣು, ಮಳೆಗಾಲ ಕಳೆದ ಮೇಲೆ ಯಾವುದು ಯಾವುದು ಅಂತ ಗೊತ್ತಾಗಲ್ಲ.

ಅಕ್ಟೋಬರ್ ಕೊನೇಲಿ ಮಳೆ ಬಿಟ್ಟ ತಕ್ಷಣ ಮೊದಲನೇ ಸಲ ಹುಡುಕೋಕೆ ಹೊರಟೆ. ಗುಡ್ಡೆಹೊಸೂರಲ್ಲಿ ಹೈವೇ ಬಿಟ್ಟು ಸಿದ್ದಾಪುರದ ರಸ್ತೆ. ಮ್ಯಾಪಲ್ಲಿ ನೋಡಿದ್ರೆ ಈ ರಸ್ತೆ ನಂಜರಾಯಪಟ್ಟಣ, ವಾಲ್ನೂರು, ನೆಲ್ಯಹುದಿಕೇರಿ ಅಂತ ಹೊಳೆ ಪಕ್ಕದಲ್ಲೇ ಹೋಗತ್ತೆ, ನೀಲಿ ಗೆರೆ ಹಳದಿ ಗೆರೆ ಅಣ್ಣ ತಮ್ಮಂದಿರ ತರ. ನೆಲದ ಮೇಲೆ ಇಳಿದ್ರೆ ಹೊಳೆ ಕಾಣೋದೇ ಇಲ್ಲ. ಎಡಗಡೆ ಕಾಫಿ, ಕಾಫಿ ಮೇಲೆ ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಆಚೆ ಎಲ್ಲೋ ನೀರಿನ ಸದ್ದು, ಅಷ್ಟೇ. ಹಾಗಾಗಿ ಎಡಕ್ಕೆ ಸಿಕ್ಕಿದ ಮಣ್ಣಿನ ದಾರಿಗೆಲ್ಲಾ ನುಗ್ಗೋದು ಅಂತ ತೀರ್ಮಾನ ಮಾಡಿದೆ. ಹನ್ನೊಂದು ಸಲ ಎಡಕ್ಕೆ ತಿರುಗಿದೆ. ಹನ್ನೊಂದು ಸಲಾನೂ ವಾಪಸ್ ಬಂದೆ. ನಾಲ್ಕು ಕಡೆ ಗೇಟು, ಎರಡು ಕಡೆ ಯಾರದೋ ಮನೆ ಅಂಗಳ ಮತ್ತು ನಾಯಿ (ಒಂದು ಕಡೆ ಅಂಗಳಕ್ಕಿಂತ ಮುಂಚೇನೇ ನಾಯಿ), ಒಂದು ಕಡೆ ಕರೆಂಟ್ ಬೇಲಿ. ಉಳಿದ ನಾಲ್ಕು ದಾರಿ ಸೀದಾ ಹೊಳೆಗೆ ಹೋಗಿ ನಿಂತವು. ಪಂಪ್ ಹೌಸು, ಅದರ ಕೆಳಗೆ ನಾಲ್ಕು ಕಲ್ಲು ಮೆಟ್ಟಿಲು, ಒಂದು ಬಂಡೆ ಮೇಲೆ ಒಣಗಿದ ಸೋಪಿನ ಗುರುತು. ಅಲ್ಲಿಂದ ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ, ಬಿದಿರು ಮೆಳೆ, ಮುಳ್ಳು.

ವಾಲ್ನೂರು ಕಡೆ ಅಂಥ ಒಂದು ಪಂಪ್ ಹೌಸ್ ಹತ್ರ ಆ ಎಸ್ಟೇಟಿನ ರೈಟ್ರು, ಅಂದ್ರೆ ಲೆಕ್ಕ ಬರೆಯೋರು, ಸಿಕ್ಕಿದ್ರು. ಅರವತ್ತು ದಾಟಿದ ಮನುಷ್ಯ, ಮಂಕಿ ಕ್ಯಾಪು, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕ ಸುತ್ತಿದ ಪ್ಲಾಸ್ಟಿಕ್ ಕವರ್. ನನ್ನ ಹೆಲ್ಮೆಟ್ಟು, ಅಂಟಿಕೊಂಡ ಚಡ್ಡಿ ಎಲ್ಲಾ ಒಂದು ಸಲ ಮೇಲಿಂದ ಕೆಳಗೆ ನೋಡಿ, ಗದರಿಸದೆ ಕೇಳಿದ್ರು.

"ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಇಲ್ಲ ಅಣ್ಣ, ಹೊಳೆ ಪಕ್ಕ ಹಾಗೇ ಮುಂದಕ್ಕೆ ಹೋಗೋಕೆ ದಾರಿ ಇದ್ಯಾ ಅಂತ ನೋಡ್ತಿದ್ದೆ."

"ಹೊಳೆ ಪಕ್ಕ ಎಂಥ ಉಂಟು?"

"ಏನಿಲ್ಲ, ಸೈಕಲ್ ಹೊಡಿಯೋಕೆ."

ಅವರಿಗೆ ಅರ್ಥ ಆಗಲಿಲ್ಲ, ನನಗೆ ವಿವರಿಸೋಕೂ ಬರಲಿಲ್ಲ. "ಹೊಳೆಗೆ ಹೋಗೋದಾದ್ರೆ ಹೋಗಿ, ಇಕೊಳ್ಳಿ ಇಲ್ಲೇ ಉಂಟಲ್ಲ ಹೊಳೆ. ಸ್ನಾನ ಮಾಡಿ. ಮುಂದಕ್ಕೆ ಹೋಗೋದಾದ್ರೆ ರೋಡು ಉಂಟಲ್ಲ. ಹೊಳೆ ಪಕ್ಕ ಮುಂದಕ್ಕೆ ಅಂದ್ರೆ ಎಲ್ಲಿಗೆ ಮಾರಾಯ್ರೆ?" ಅಂದ್ರು. ಆಮೇಲೆ, ನಾಲ್ಕು ಗಂಟೆ ಮೇಲೆ ಇಲ್ಲೆಲ್ಲಾ ನಿಲ್ಬೇಡಿ, ನಿನ್ನೆ ಆಚೆ ಕಡೆಯಿಂದ ಮೂರು ದಾಟಿದಾವೆ, ಒಂದು ಮರಿ ಉಂಟು ಅಂತ ಹೇಳಿ ಹೋದ್ರು. ಮೂರು ಅಂದ್ರೆ ಏನು ಅಂತ ಕೊಡಗಲ್ಲಿ ಯಾರೂ ಕೇಳಲ್ಲ, ಆನೆ ಅಂತ ಎಲ್ಲರಿಗೂ ಗೊತ್ತು.

ವಾಪಸ್ ಬರ್ತಾ ಆ ಪ್ರಶ್ನೆ ನನ್ನ ಹಿಂದೆ ಕ್ಯಾರಿಯರ್ ಮೇಲೆ ಕೂತಿತ್ತು. ಹೊಳೆ ಪಕ್ಕ ಮುಂದಕ್ಕೆ ಅಂದ್ರೆ ಎಲ್ಲಿಗೆ?

ಎಳೆಯೋಕೆ ದೋಣಿ ಎಲ್ಲಿ

ತಮ್ಮ ಹೋದ ದಾರಿ ಅಷ್ಟು ನೆಟ್ಟಗೆ ಯಾಕಿದೆ ಅಂತ ಓದಿದ ಮೇಲೆ ಸ್ವಲ್ಪ ಅರ್ಥ ಆಯ್ತು. ಅದು ಹೊಳೆ ನೋಡೋಕೆ ಅಂತ ಮಾಡಿದ್ದೇ ಅಲ್ಲ. ವಾಷಿಂಗ್ಟನ್‌ನಿಂದ ಕಂಬರ್ಲ್ಯಾಂಡ್ ಅನ್ನೋ ಊರಿನವರೆಗೆ ಪೊಟೋಮ್ಯಾಕ್ ಹೊಳೆ ಪಕ್ಕ ಒಂದು ಕಾಲುವೆ ತೋಡೋಕೆ 1828ರಲ್ಲಿ ಶುರು ಮಾಡಿದ್ರು, ಮುಗಿಯೋ ಹೊತ್ತಿಗೆ 1850. ಹೊಳೇಲಿ ಬಂಡೆ, ಸೆಳವು, ದೋಣಿ ಹೋಗಲ್ಲ, ಅದಕ್ಕೆ ಪಕ್ಕದಲ್ಲಿ ನಿಂತ ನೀರಿನ ಕಾಲುವೆ. ದೋಣಿ ತುಂಬ ಕಲ್ಲಿದ್ದಲು. ಅದಕ್ಕೆ ಹಗ್ಗ ಕಟ್ಟಿ ದಡದ ಮೇಲೆ ಹೇಸರಗತ್ತೆಗಳು ಎಳ್ಕೊಂಡು ಹೋಗ್ತಿದ್ವು. ಆ ಕತ್ತೆಗಳು ನಡೆದ ದಾರಿಯೇ ಟೋಪಾತ್, ಟೋ ಅಂದ್ರೆ ಇಲ್ಲಿ ಎಳೆಯೋದು. ಹಗ್ಗ ಸಿಕ್ಕಿಕೊಳ್ಳಬಾರದು ಅಂತ ನೀರಿನ ಕಡೆ ಮರ ಬೆಳೆಯೋಕೆ ಬಿಡ್ತಿರಲಿಲ್ಲ, ಕತ್ತೆ ಸುಸ್ತಾಗಬಾರದು ಅಂತ ಏರು ಇಲ್ಲ. ಇಡೀ 297 ಕಿಲೋಮೀಟರಿಗೆ ಏರೋದು 184 ಮೀಟರ್, ಅದೂ 74 ಲಾಕ್‌ಗಳಲ್ಲಿ, ಅಂದ್ರೆ ನೀರು ತುಂಬಿಸಿ ದೋಣಿ ಏರಿಸೋ ಇಳಿಸೋ ಕಟ್ಟೆಗಳಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಹಂಚಿ ಹೋಗಿದೆ. 1924ರ ನೆರೆ ಬಂದ ಮೇಲೆ ದೋಣಿ ಓಡೋದು ನಿಂತು ಹೋಯ್ತು. ಅದನ್ನ ಮುಚ್ಚಿ ಕಾರಿನ ರಸ್ತೆ ಮಾಡಬೇಕು ಅಂತ ಹೊರಟಾಗ, ಅವರ ಸುಪ್ರೀಂ ಕೋರ್ಟಿನ ಜಡ್ಜ್ ವಿಲಿಯಂ ಡಗ್ಲಸ್ ಅನ್ನೋರು 1954ರಲ್ಲಿ ಪತ್ರಿಕೆಯವರನ್ನ ಕರ್ಕೊಂಡು ಅದೇ ದಾರೀಲಿ ನಡೆದು ತೋರಿಸಿದ್ರು. 1971ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು. ಅಂದ್ರೆ ಇವತ್ತು ನಮ್ಮ ತಮ್ಮ ಪೆಡಲ್ ತುಳಿಯೋ ಸುಖ, ಕಲ್ಲಿದ್ದಲು ಎಳೆದ ಕತ್ತೆಗಳ ಕಾಲಿನ ಸುಖ.

ನಮ್ಮ ಕಾವೇರೀಲಿ ಯಾರು ಏನನ್ನ ಎಳೀಬೇಕಿತ್ತು? ತಲಕಾವೇರಿ ಇರೋದು 1276 ಮೀಟರ್ ಎತ್ತರದಲ್ಲಿ, ಅಲ್ಲಿಂದ ಭಾಗಮಂಡಲದ ಎಂಟು ಕಿಲೋಮೀಟರಲ್ಲೇ ದಡಬಡ ಇಳಿದು, ಆಮೇಲೆ ಇಡೀ ಜಿಲ್ಲೆ ಸುತ್ತಾಡ್ಕೊಂಡು ಬಂಡೆ ಮೇಲೆ ಹರಿಯೋ ಹೊಳೆ. ಆಗಸ್ಟಲ್ಲಿ ಹತ್ರ ಹೋಗೋಕಾಗಲ್ಲ, ಮಾರ್ಚಲ್ಲಿ ಬಂಡೆಯಿಂದ ಬಂಡೆಗೆ ಹಾರಿ ಆಚೆ ಹೋಗಬಹುದು. ಇದರಲ್ಲಿ ಸರಕು ಸಾಗಿಸೋ ದೋಣಿ ಯಾರು ಬಿಡ್ತಾರೆ. ಸರಕು ಹೋಗ್ತಿದ್ದಿದ್ದು ಹೇರೆತ್ತಿನ ಬೆನ್ನ ಮೇಲೆ, ಎತ್ತು ಹೋಗ್ತಿದ್ದಿದ್ದು ನೀರು ನಿಲ್ಲದ ದಿಣ್ಣೆ ಮೇಲೆ. ರೈಲಂತೂ ಇವತ್ತಿಗೂ ಕೊಡಗಿಗೆ ಬಂದಿಲ್ಲ, ಹಾಗಾಗಿ ಬೇರೆ ದೇಶದವರು ಹಳೇ ರೈಲ್ವೆ ಹಳಿ ಕಿತ್ತು ಸೈಕಲ್ ದಾರಿ ಮಾಡಿಕೊಳ್ಳೋ ಆಸೇನೂ ನಮಗಿಲ್ಲ. ನಮಗೆ ಹೊಳೆ ಅಂದ್ರೆ ದಾಟಬೇಕಾದ್ದು. ದಾಟೋ ಜಾಗಕ್ಕೆ ಹೆಸರಿದೆ, ಕಡವು. ಹೊಳೆ ಜೊತೆ ಹೋಗೋ ದಾರಿಗೆ ಹೆಸರೇ ಇಲ್ಲ, ಇದ್ರೆ ನನಗಂತೂ ಯಾರೂ ಹೇಳಿಕೊಟ್ಟಿಲ್ಲ.

ಕಡವು ಅಂದ ತಕ್ಷಣ ನನಗೆ ಅಜ್ಜನ ಸೈಕಲ್. ಅಮ್ಮನ ತವರು ಮೂರ್ನಾಡಿನ ಆಚೆ, ಹೊಳೆ ದಾಟಿ ಹೋಗ್ಬೇಕಿತ್ತು. ಸೇತುವೆ ಸುತ್ತಿ ಬಸ್ಸಲ್ಲಿ ಹೋದ್ರೆ ಅರ್ಧ ದಿನ, ಕಡವಲ್ಲಿ ದಾಟಿದ್ರೆ ಹತ್ತು ನಿಮಿಷ. ಅಜ್ಜ ನನ್ನನ್ನ ಬಸ್ ಸ್ಟಾಪಿಂದ ಕರ್ಕೊಂಡು ಹೋಗೋಕೆ ಕಪ್ಪು ಹರ್ಕ್ಯುಲಿಸ್ ತರ್ತಿದ್ರು. ಇಳಿಜಾರಲ್ಲಿ ನನ್ನನ್ನ ಇಳಿಸಿ ಸೈಕಲ್ ಹಿಡ್ಕೊಂಡು ಇಳಿಯೋರು, ಕೆಂಪು ಮಣ್ಣು ಕೊಚ್ಚಿ ಮಾಡಿದ ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಬೆಲ್ಲು ಅದರಷ್ಟಕ್ಕೇ ಟಿಣ್ ಅನ್ನೋದು. ದೋಣಿಯವನು ಆಚೆ ದಡದಲ್ಲಿದ್ರೆ ಆ ಬೆಲ್ ಸದ್ದಿಗೇ ಎದ್ದು ಬರ್ತಿದ್ದ, ಕೂಗೋದೇ ಬೇಡ. ಸೈಕಲ್ಲನ್ನ ದೋಣಿಗೆ ಅಡ್ಡ ಇಡೋರು, ಹಿಂದಿನ ಚಕ್ರ ಈ ಕಡೆ ನೀರಿನ ಮೇಲೆ, ಮುಂದಿನ ಚಕ್ರ ಆ ಕಡೆ ನೀರಿನ ಮೇಲೆ. ನನ್ನ ಕೆಲಸ ಏನಂದ್ರೆ ಮುಂದಿನ ಚಕ್ರ ತಿರುಗದ ಹಾಗೆ ಕಡ್ಡಿಗಳ ಸಂದಿಗೆ ಬೆರಳು ಹಾಕಿ ಹಿಡ್ಕೊಳ್ಳೋದು. ಅದು ತಿರುಗಿದ್ರೆ ಏನಾಗ್ತಿತ್ತು ಅಂತ ಇವತ್ತಿಗೂ ಗೊತ್ತಿಲ್ಲ, ಬಹುಶಃ ಏನೂ ಆಗ್ತಿರ್ಲಿಲ್ಲ, ಹುಡುಗ ಅಲುಗಾಡದೆ ಕೂತಿರ್ಲಿ ಅಂತ ಕೊಟ್ಟ ಕೆಲಸ ಅದು. ಬೆರಳಿಗೆ ಹತ್ತಿದ ತುಕ್ಕಿನ ವಾಸನೆ ಅಜ್ಜಿ ಕೊಡ್ತಿದ್ದ ಕಡುಬಿಗೂ ಬರ್ತಿತ್ತು. ದೋಣಿಯವನಿಗೆ ಅಜ್ಜ ದುಡ್ಡು ಕೊಟ್ಟಿದ್ದು ನೋಡಿಲ್ಲ, ಸುಗ್ಗಿ ಆದ ಮೇಲೆ ವರ್ಷಕ್ಕಿಷ್ಟು ಭತ್ತ ಅಂತ ಇತ್ತಂತೆ. ಸೇತುವೆ ಬಂದ ವರ್ಷ ಭತ್ತ ನಿಂತು ಹೋಯ್ತು, ದೋಣಿಯವನ ಮಗ ಆಟೋ ತಗೊಂಡ.

ದಾಟೋ ಕಷ್ಟ ನೋಡಿಯೇ ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನ ಪಯಸ್ವಿನಿ ಮೇಲೆ ಮೊದಲ ತೂಗುಸೇತುವೆ ಕಟ್ಟಿದ್ದು, ಆ ಪಯಸ್ವಿನೀನೂ ನಮ್ಮ ಬೆಟ್ಟದಿಂದ ಇಳಿದು ಹೋದದ್ದೇ. ಬಲಮುರಿ ಕಥೇನೂ ನೋಡಿ. ಅಗಸ್ತ್ಯರನ್ನ ಬಿಟ್ಟು ಹೊರಟ ಕಾವೇರೀನ ಕೊಡವರು ತಡೀತಾರೆ, ಅವಳು ಬಲಕ್ಕೆ ಮುರಿದು ಹೊರಟು ಹೋಗ್ತಾಳೆ, ಆ ರಭಸಕ್ಕೆ ಹೆಂಗಸರ ಸೀರೆ ನೆರಿಗೆ ಹಿಂದಕ್ಕೆ ಹೋಗ್ತವೆ, ಅದಕ್ಕೇ ಕೊಡವ ಸೀರೆಗೆ ಇವತ್ತಿಗೂ ನೆರಿಗೆ ಹಿಂದೆ. ಅವಳ ಜೊತೆ ಹೋದ ಒಬ್ಬರೂ ಇಲ್ಲ ಆ ಕಥೇಲಿ. ಅಡ್ಡ ನಿಂತೋರು ಮಾತ್ರ ಇದಾರೆ.

ಹೊಳೆ ಪಕ್ಕ ಇರೋರು

ಇಲ್ಲ, ಹೊಳೆ ಜೊತೆ ಹೋಗೋ ದಾರಿ ಒಂದು ಕಡೆ ಸಿಕ್ಕಿತು. ಸಿದ್ದಾಪುರದ ಹತ್ರ ಕರಡಿಗೋಡಲ್ಲಿ ಮನೆಗಳ ಹಿಂದೆ ಒಂದು ಓಣಿ, ಹೊಳೆಗೆ ಸಮಾನಾಂತರವಾಗಿ ಸ್ವಲ್ಪ ದೂರ ಹೋಗತ್ತೆ. ಸಿಕ್ಕಿದ ಖುಷೀಲಿ ಫೋಟೋ ತೆಗೆಯೋಕೆ ನಿಂತೆ. ವ್ಯೂಫೈಂಡರಲ್ಲಿ ಬಂದಿದ್ದು ಒಂದು ಸಿಮೆಂಟ್ ನೆಲ, ನಾಲ್ಕೂ ಕಡೆ ಗೋಡೆ ಇಲ್ಲ, ಮೂಲೇಲಿ ಒಲೆ ಕಟ್ಟೆ, ಕಟ್ಟೆ ಮೇಲೆ ಹಸಿರು ಟೈಲ್ಸು ಮಾತ್ರ ಇನ್ನೂ ಹೊಸದರ ತರ. 2019ರ ಆಗಸ್ಟಲ್ಲಿ ಹೊಳೆ ಇಲ್ಲಿಗೂ ನೆಲ್ಯಹುದಿಕೇರಿಗೂ ನುಗ್ಗಿ ಮನೆಗಳನ್ನ ಎತ್ಕೊಂಡು ಹೋಯ್ತಲ್ಲ, ಅದರಲ್ಲಿ ಒಂದು. ನಮ್ಮಲ್ಲಿ ಹೊಳೆ ಪಕ್ಕ ಮನೆ ಕಟ್ಟೋದು ಯಾರು? ತೋಟದ ಲೈನ್ ಮನೆ, ಅಂದ್ರೆ ಕೂಲಿಯವರ ಸಾಲು ಮನೆ, ಬಿಟ್ಟು ಹೊರಗೆ ಬಂದ ಮೇಲೆ ಬೇರೆ ಎಲ್ಲೂ ಮೂರು ಸೆಂಟ್ ಜಾಗ ಸಿಗದೋರು. ಪೈಸಾರಿ, ಅಂದ್ರೆ ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಾಗ ಅಂತ ಉಳಿದಿದ್ದು ಹೊಳೆ ದಂಡೆ ಒಂದೇ, ಯಾಕಂದ್ರೆ ಪ್ರತಿ ವರ್ಷ ಹೊಳೆ ಬಂದು ಅದು ನಂದು ಅಂತ ಹೇಳಿ ಹೋಗತ್ತೆ. ಕೊಡವರ ಹಳೇ ಕುಟುಂಬದ ಮನೆಗಳು, ಐನ್‌ಮನೆಗಳು, ಎಲ್ಲಿವೆ ನೋಡಿ, ಎಲ್ಲಾ ಗದ್ದೆ ಮೇಲಿನ ದಿಣ್ಣೇಲಿ, ಓಣಿ ಹತ್ತಿ ಹೋಗ್ಬೇಕು. ಹಳಬರಿಗೆ ಗೊತ್ತಿತ್ತು, ಜಾಗಾನೂ ಇತ್ತು. ಓಣಿಯ ಆ ತುದೀಲಿ ಬಟ್ಟೆ ಒಣಗಿಸ್ತಿದ್ದ ಒಬ್ಬ ಅಕ್ಕ "ಸರ್ವೇದವರಾ?" ಅಂತ ಕೇಳಿದ್ರು. ಅಲ್ಲ ಅಂದೆ. ಹೆಲ್ಮೆಟ್ ಹಾಕ್ಕೊಂಡು ಫೋಟೋ ತೆಗೆಯೋನು ಅಲ್ಲಿಗೆ ಬರೋದು ಇನ್ಯಾವುದಕ್ಕೆ. ನಾನು ಆ ಫೋಟೋ ತಮ್ಮನಿಗೆ ಕಳಿಸಲಿಲ್ಲ, ಆ ಓಣೀನ ರೂಟಿಗೂ ಹಾಕಲಿಲ್ಲ.

ಏರಿ ಮೇಲೆ

ನಿಜವಾದ ಟೋಪಾತ್ ಕೊನೆಗೆ ಸಿಕ್ಕಿದ್ದು ಮನೆ ಬಾಗಿಲಲ್ಲೇ, ಆದ್ರೆ ಹೊಳೆ ಪಕ್ಕ ಅಲ್ಲ, ನಾಲೆ ಪಕ್ಕ. ಹುದುಗೂರಿನ ಹತ್ರ ಹಾರಂಗಿ ಡ್ಯಾಮ್ ಇದೆಯಲ್ಲ, 1982ರಲ್ಲಿ ಮುಗಿದಿದ್ದು, 2859 ಅಡಿ ತುಂಬಿತು ಅಂದ್ರೆ ಪೇಪರಲ್ಲಿ ಬಾಗಿನದ ಫೋಟೋ ಬರೋದು. ಅಲ್ಲಿಂದ ನಾಲೆ ಹೊರಟು ಕೂಡಿಗೆ, ಹೆಬ್ಬಾಲೆ, ತೊರೆನೂರು, ಶಿರಂಗಾಲದ ಕಡೆ ಹೋಗತ್ತೆ. ನಾಲೆ ಏರಿ ಮೇಲೆ ಇಲಾಖೆ ಜೀಪು ಹೋಗೋಕೆ ಅಂತ ಬಿಟ್ಟ ಮಣ್ಣಿನ ದಾರಿ, ಎರಡು ಗಾಲಿ ಗುರುತು, ನಡುವೆ ಹುಲ್ಲು. ಈ ಕಡೆ ಕೊಡಗು ಅಂದ್ರೆ ಟೂರಿಸ್ಟ್ ಪೋಸ್ಟರಿನ ಕೊಡಗಲ್ಲ, ಬಯಲು, ಮುಸುಕಿನ ಜೋಳ, ಶುಂಠಿ, ಭತ್ತ, ಮಾತಲ್ಲೂ ಅರ್ಧ ಪಿರಿಯಾಪಟ್ಟಣ ಅರ್ಧ ಅರಕಲಗೂಡು. ಮಡಿಕೇರಿಯವರು ಇದನ್ನ ಕೊಡಗು ಅಂತ ಒಪ್ಪಿಕೊಳ್ಳೋಕೆ ಸ್ವಲ್ಪ ಯೋಚನೆ ಮಾಡ್ತಾರೆ. ನನಗೆ ಇದೇ ಊರು.

ಏರಿ ಮೇಲೆ ಸೈಕಲ್ ಬಿಟ್ಟ ಮೊದಲ ದಿನ ಒಂದು ವಿಚಿತ್ರ ಅನುಭವ. ಕಾಲು ನಿಲ್ಲಿಸೋಕೆ ಮರೆತು ಹೋಯ್ತು. ಕೊಡಗಲ್ಲಿ ಸೈಕಲ್ ಹೊಡೆಯೋದು ಅಂದ್ರೆ ಎರಡು ನಿಮಿಷ ಏದುಸಿರು, ಒಂದು ನಿಮಿಷ ಬ್ರೇಕು, ಮತ್ತೆ ಏದುಸಿರು. ಇಲ್ಲಿ ಹಾಗಲ್ಲ, ಗೇರ್ ಬದಲಾಯಿಸೋ ಕೆಲಸಾನೇ ಇಲ್ಲ, ಯಾಕಂದ್ರೆ ನೀರು ತನ್ನಷ್ಟಕ್ಕೆ ಹರೀಬೇಕು ಅಂತ ನಾಲೇನ ಕಣ್ಣಿಗೆ ಗೊತ್ತಾಗದಷ್ಟು ಇಳಿಜಾರಲ್ಲಿ ತಂದಿರ್ತಾರೆ, ದಿಣ್ಣೆ ಬಂದ್ರೆ ಏರಲ್ಲ, ಸುತ್ತಿ ಹೋಗತ್ತೆ. ಅಲ್ಲಿ ಕತ್ತೆಗೆ ಸುಸ್ತಾಗಬಾರದು ಅಂತ, ಇಲ್ಲಿ ನೀರು ನಿಲ್ಲಬಾರದು ಅಂತ. ಎರಡು ಕಡೇನೂ ಇಂಜಿನಿಯರ್ ತಲೇಲಿ ಸೈಕಲ್ ಇರಲಿಲ್ಲ. ಎದುರಿಗೆ ಹೆಬ್ಬಾಲೆ ಊರು ಕಾಣ್ತಾನೇ ಇರತ್ತೆ, ನಾಲೆ ಮಾತ್ರ ಹೊಲಗಳನ್ನೆಲ್ಲಾ ಸುತ್ತಿ ನಿಧಾನಕ್ಕೆ ಕರ್ಕೊಂಡು ಹೋಗತ್ತೆ. ಹಳ್ಳ ಬಂದ ಕಡೆ ಮಾತ್ರ ತೊಂದರೆ, ನಾಲೆ ಕಂಬದ ಮೇಲೆ ಮೇಲ್ಗಾಲುವೇಲಿ ಹಾರಿ ಹೋಗಿಬಿಡತ್ತೆ, ನಮ್ಮ ದಾರಿ ಅಲ್ಲೇ ಕೈ ಬಿಡತ್ತೆ. ಸೈಕಲ್ ಹೆಗಲಿಗೆ ಹಾಕ್ಕೊಂಡು ಹಳ್ಳಕ್ಕಿಳಿದು ಆಚೆ ಹತ್ತಬೇಕು, ಶೂ ಒದ್ದೆ.

ಕಣಿವೆಗೆ ಹೋಗೋ ಕಡೆ ತಿರುವಲ್ಲಿ ಜಾಲಿ ಮುಳ್ಳು ಹೊಕ್ಕಿತು. ಟ್ಯೂಬ್‌ಲೆಸ್ ಅಲ್ವಾ, ಏನೂ ಆಗಲ್ಲ ಅನ್ನೋ ಜಂಭದಲ್ಲಿ ಮುಳ್ಳು ಕಿತ್ತೆ. ಪಿಚಕ್ ಅಂತ ಬಿಳೀ ಸೀಲಂಟು ಚಿಮ್ಮಿ ಮುಖ, ಕನ್ನಡಕ, ಹೊಸ ಜರ್ಸಿ ಎಲ್ಲಾ ಅಭಿಷೇಕ. ತೂಬಿನ ಗೇಟ್ ತಿರುಗಿಸ್ತಾ ಕೂತಿದ್ದ ನೀರುಗಂಟಿ ಎದ್ದು ಬಂದು ಒಂದು ನಿಮಿಷ ಸುಮ್ನೆ ನೋಡಿ, "ಹಾಲು ಕರೀತದಲ್ಲಪ್ಪ ನಿಮ್ಮ ಸೈಕಲ್ಲು!" ಅಂದ. ಚಕ್ರ ತಿರುಗಿಸಿ ತೂತು ಕೆಳಗೆ ತಂದು ಹಿಡ್ಕೊಂಡ್ರೆ ಸೀಲಂಟ್ ಅಲ್ಲೇ ಹೆಪ್ಪಾಗಿ ಮುಚ್ಕೊಳ್ಳತ್ತೆ, ಹಾಗೇ ಆಯ್ತು. ಅವನಿಗೆ ಅದು ಬಹಳ ಹಿಡಿಸಿತು. ಈ ತೂಬಿಗೂ ಇಂಥದ್ದೇನಾದ್ರೂ ಇದ್ರೆ ತಂದ್ಕೊಡಿ, ಗೇಟ್ ಹಾಕಿದ್ರೂ ಸೋರ್ತದೆ, ಕೆಳಗಿನ ಹೊಲದವರು ಸಾಕಾಗಿಲ್ಲ ಅಂತಾರೆ ಮೇಲಿನವರು ಜಾಸ್ತಿ ಆಯ್ತು ಅಂತಾರೆ, ಬೈಸಿಕೊಳ್ಳೋದು ನಾನು ಅಂದ. ಅರ್ಧ ಗಂಟೆ ಅಲ್ಲೇ ಮಾತಾಡ್ತಾ ಕೂತ್ವಿ. ಅವನು ದಿನಾ ಏರಿ ಮೇಲೆ ನಡೀತಾನೆ, ನೀರು ಬಿಟ್ಟಿರೋ ತಿಂಗಳಲ್ಲಿ ಬೆಳಿಗ್ಗೆ ಸಂಜೆ ಎರಡು ಸಲ. ನನಗೆ ಆಗ ಅನ್ನಿಸಿದ್ದು, ನೀರಿನ ಜೊತೆ ನಡೆಯೋ ಮನುಷ್ಯ ಈ ಜಿಲ್ಲೇಲಿ ಇವನೊಬ್ಬ ಸಿಕ್ಕಿದ. ಅವನಿಗೆ ಅದನ್ನ ಹೇಳಿದ್ರೆ ಸಂಬಳ ಎರಡು ತಿಂಗಳಿಂದ ಆಗಿಲ್ಲ ಸಾರ್ ಅಂತಿದ್ದ, ಅದೂ ಹೇಳಿದ ಬೇರೆ.

ಕಡಂಗ

ಡಿಸೆಂಬರಲ್ಲಿ ತಮ್ಮ ಬಂದ. ಬಾಡಿಗೆಗೆ ಒಂದು ಎಂಟಿಬಿ, ಅಂದ್ರೆ ಮೌಂಟನ್ ಬೈಕ್, ಹಿಡಿದಿದ್ವಿ ಅವನಿಗೆ. ರೂಟ್ ಎಲ್ಲಿ ಅಂದ. ನಾನು ಮಾಡಿಟ್ಟಿದ್ದ ರೂಟಲ್ಲಿ ಹೊಳೆ ಪಕ್ಕ ಹೋಗೋದನ್ನೇ ಕೈ ಬಿಟ್ಟಿದ್ದೆ. ಬದಲಿಗೆ ಹೊಳೆ ಎಲ್ಲೆಲ್ಲಿ ದಾಟಬಹುದೋ ಅಲ್ಲೆಲ್ಲಾ ದಾಟೋದು, ಈ ದಡ ಆ ದಡ ಅಂತ, ಹರಿದ ಚೀಲಕ್ಕೆ ಹೊಲಿಗೆ ಹಾಕಿದ ಹಾಗೆ. ಭಾಗಮಂಡಲದಿಂದ ಅಯ್ಯಂಗೇರಿ, ನಾಪೋಕ್ಲು, ಬಲಮುರಿ, ಬೇತ್ರಿ, ಸಿದ್ದಾಪುರ. ನಡುವೆ ಒಂದು ದಿನ ಹೊಳೆ ಬಿಟ್ಟು ಕಕ್ಕಬ್ಬೆ ಕಡೆ. ಅವನ ಮುಖ ಸ್ವಲ್ಪ ಸಪ್ಪಗಾಯ್ತು, ರೈಡಿನ ಮ್ಯಾಪ್ ಹಾಕೋ ಸ್ಟ್ರಾವಾ ಆ್ಯಪಲ್ಲಿ ನೀಟಾಗಿ ಬರಲ್ಲ ಅಂದ.

ಕಕ್ಕಬ್ಬೆ ಕಡೆ ಹೋಗಿದ್ದು ನಾಲ್ಕುನಾಡು ಅರಮನೆ ತೋರಿಸೋಕೆ. 1792ರಲ್ಲಿ ದೊಡ್ಡವೀರರಾಜೇಂದ್ರ ಯವಕಪಾಡಿಯ ಕಾಡಲ್ಲಿ ಕಟ್ಟಿಸಿದ್ದು, ಅರಮನೆ ಅನ್ನೋದಕ್ಕಿಂತ ಅಡಗುಮನೆ ಅನ್ನಬೇಕು, 1834ರಲ್ಲಿ ಬ್ರಿಟಿಷರು ಬಂದಾಗ ಕೊನೇ ರಾಜ ಚಿಕ್ಕವೀರರಾಜೇಂದ್ರನೂ ಅಲ್ಲಿಗೇ ಹೋಗಿ ಕೂತಿದ್ದ. ಅದೆಲ್ಲಾ ಬೋರ್ಡ್ ಮೇಲೆ ಇದೆ. ತಮ್ಮನಿಗೆ ಹಿಡಿಸಿದ್ದು ಅರಮನೆ ಅಲ್ಲ, ಕಡಂಗ ಅನ್ನೋ ಹಳೇ ಕಂದಕ. ಅದೇ ಹೆಸರಿನ ಕಡಂಗ ಊರಿಂದ ಚೆಯ್ಯಂಡಾಣೆ ಕಡೆ ಒಂದು ತೋಟದ ದಾರಿ ಹಿಡಿದಿದ್ವಿ, ಗೊತ್ತಿರೋರ ತೋಟ, ಗೇಟಲ್ಲಿ ಫೋನ್ ಮಾಡಿ ಕೇಳಿದ್ದೆ. ಸ್ವಲ್ಪ ದೂರ ಹೋದ ಮೇಲೆ ದಾರಿ ದಿಢೀರ್ ಅಂತ ಬಿದ್ದುಹೋಯ್ತು. ಎರಡಾಳು ಆಳದ ಹಳ್ಳ, ಈ ಕಡೆ ತೋಡಿದ ಮಣ್ಣು ಆ ಕಡೆ ಏರಿಯಾಗಿ ಒಟ್ಟಿ, ಅದರ ಮೇಲೆ ನೂರು ವರ್ಷದ ಮರ. ಎಡಕ್ಕೂ ಬಲಕ್ಕೂ ಕಣ್ಣು ಹೋದಷ್ಟು ದೂರ ಹಾಗೇ.

"ಇದೇನು, ಆನೆ ಕಂದಕನಾ?" ಅಂದ.

ಅದೇ ತಮಾಷೆ. ಹೋದ ವಾರಾನೇ ಅರಣ್ಯ ಇಲಾಖೆಯವರು ಜೆಸಿಬಿಯಲ್ಲಿ ತೋಡಿದ ಆನೆ ಕಂದಕ ಒಂದನ್ನ ಸೈಕಲ್ ಹೊತ್ತು ದಾಟಿದ್ದೆ, ನೋಡೋಕೆ ಅಣ್ಣ ತಮ್ಮ. ಇದು ಮಾತ್ರ ಗುದ್ದಲೀಲಿ ತೋಡಿದ್ದು, ಮನುಷ್ಯರನ್ನ ತಡೆಯೋಕೆ. ಹಿಂದೆ ನಾಡು ನಾಡಿಗೂ ಗಡಿ, ಗಡಿಗೆ ಕಡಂಗ. ಹಳೇ ಗೆಜೆಟಿಯರಲ್ಲೂ ಇದರ ವರ್ಣನೆ ಇದೆ, ಗುಡ್ಡ ಕಾಡು ಬಯಲು ಅನ್ನದೆ ಮೈಲಿಗಟ್ಟಲೆ ಹೋಗ್ತವೆ, ಕೆಲವು ಕವಲೊಡೀತವೆ, ಕೆಲವು ಬೆಟ್ಟದ ತಲೆ ಸುತ್ತ ಪೇಟ ಸುತ್ತಿದ ಹಾಗೆ ಸುತ್ತುತ್ತವೆ ಅಂತ. ಚಿಕ್ಕವರಿದ್ದಾಗ ನಮಗೆ ಕಡಂಗ ಅಂದ್ರೆ ದನ ಬಿದ್ದು ಸಿಕ್ಕಿಕೊಳ್ಳೋ ಜಾಗ, ಅಡಗೋ ಆಟದಲ್ಲಿ ಯಾರಿಗೂ ಸಿಗದ ಜಾಗ. ಯಾರು ತೋಡಿದ್ರು ಯಾಕೆ ತೋಡಿದ್ರು ಅಂತ ಒಂದು ದಿನಾನೂ ಕೇಳಿರಲಿಲ್ಲ.

ಕೆಳಗಿಳಿದು ನೋಡಿದ್ರೆ ತಳದಲ್ಲಿ ಯಾರೋ ನಡೆದಾಡೋ ಕಾಲುದಾರಿ. ಒಣಗಿದ ಎಲೆ ಮೊಣಕಾಲು ಮಟ್ಟ, ಎರಡೂ ಕಡೆ ಜರೀಗಿಡ, ಮೇಲೆ ಬೇರುಗಳು ನೇತಾಡ್ತಿದ್ವು. ತಮ್ಮ ಸೈಕಲ್ ಹತ್ತೇಬಿಟ್ಟ. ಒಂದು ಮುನ್ನೂರು ಮೀಟರ್ ಹೋಗಿರಬಹುದು, ನಾನು ಹಿಂದೆ, ಎಲೆ ಮೇಲೆ ಟಯರ್ ಸದ್ದು ಬಿಟ್ರೆ ಏನೂ ಕೇಳ್ತಿರಲಿಲ್ಲ, ಗಾಳೀನೂ ಒಳಗೆ ಬರಲ್ಲ ಅಲ್ಲಿ. ಒಂದು ಕಡೆ ಮಣ್ಣು ಕುಸಿದು ಮುಚ್ಚಿಹೋಗಿತ್ತು, ಅದರ ಮೇಲೆ ರೊಬಸ್ಟಾ ಕಾಫಿ ಗಿಡ ನೆಟ್ಟಿದ್ರು. ಇಡೀ ಟ್ರಿಪ್ಪಲ್ಲಿ ಅವನು "ಇದು ಅಲ್ಲಿಲ್ಲ" ಅಂತ ಹೇಳಿದ್ದು ಆ ಒಂದೇ ಸಲ. ಬಲಗಾಲಿಗೆ ಎರಡು ಜಿಗಣೆ ಹತ್ತಿತ್ತು, ಡಿಸೆಂಬರಲ್ಲೂ. ಅದೂ ಅಲ್ಲಿಲ್ಲ.

ಕೊನೇ ದಿನ ಸಿದ್ದಾಪುರದಿಂದ ಹೊರಟು ನೆಲ್ಯಹುದಿಕೇರಿ ದಾಟಿದಾಗ ಐದನೇ ಸಲ ಹೊಳೆ ದಾಟಿದ ಹಾಗಾಯ್ತು. ಹನ್ನೊಂದೂವರೆ ಹೊತ್ತು, ಕಣಗಳಲ್ಲೆಲ್ಲಾ ಕಾಫಿ ಹರವಿದ್ರು, ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪಿಂಗ್ ವಾಸನೆ ಮೂಗಿಗೆ ಹುಳಿ ಹುಳಿ. ವಾಲ್ನೂರಲ್ಲಿ ಆ ಪಂಪ್ ಹೌಸಿನ ದಾರಿ ಬಂತು. ತೋರಿಸ್ತೀನಿ ಬಾ ಅಂತ ತಿರುಗಿಸಿದೆ. ಅದೇ ರೈಟ್ರು ಗೇಟ್ ಹತ್ರ ಹಣ್ಣಿನ ಮೂಟೆ ತೂಕ ಹಾಕಿಸ್ತಾ ಇದ್ರು, ಅದೇ ಮಂಕಿ ಕ್ಯಾಪು.

"ಮತ್ತೆ ಬಂದ್ರಾ? ದಾರಿ ಸಿಕ್ತಾ?"

"ಇಲ್ಲ ಅಣ್ಣ. ಇವನು ನಮ್ಮ ತಮ್ಮ, ಅಮೆರಿಕದಿಂದ ಬಂದಿದಾನೆ."

ಅವರು ತಮ್ಮನನ್ನೂ ಮೇಲಿಂದ ಕೆಳಗೆ ನೋಡಿದ್ರು. ಅಮೆರಿಕದಿಂದ ಬಂದೋನಿಗೂ ಅದೇ ಅಂಟಿಕೊಂಡ ಚಡ್ಡಿ. "ಅಷ್ಟು ದೂರದಿಂದ ಬಂದು ಹೊಳೆ ನೋಡಿ ಹೋಗೋದಾ? ಇಳೀರಿ, ಸ್ನಾನ ಮಾಡಿ. ಈಗ ಹೊತ್ತು ಉಂಟು, ಅವು ಯಾವುದೂ ಇಲ್ಲ. ಬಂಡೆಯ ಎಡಗಡೆ ಇಳೀರಿ, ಬಲಗಡೆ ಗುಂಡಿ."

ಟವೆಲ್ ಇಲ್ಲ, ಬೇರೆ ಬಟ್ಟೆ ಇಲ್ಲ. ಸೈಕಲ್ ಎರಡನ್ನೂ ಪಂಪ್ ಹೌಸಿನ ಗೋಡೆಗೆ ಒರಗಿಸಿ, ಶೂ ಬಿಚ್ಚಿ, ಬಂಡೆಯ ಎಡಗಡೆ ಇಳಿದ್ವಿ. ತಮ್ಮ ಮೊದಲು ಮುಳುಗಿದ, ಎದ್ದು ಅಮ್ಮಾ ಅಂತ ಕಿರುಚಿದ, ಅಷ್ಟು ತಣ್ಣಗಿತ್ತು. ಅಲ್ಲಿಂದ ಕುಶಾಲನಗರದವರೆಗೆ ಒದ್ದೆ ಚಡ್ಡೀಲಿ ಸೀಟಿನ ಮೇಲೆ ಪಚಕ್ ಪಚಕ್ ಅಂತ ತುಳೀತಾ ಬಂದ್ವಿ, ಗುಡ್ಡೆಹೊಸೂರಲ್ಲಿ ಟೀ ಅಂಗಡಿಯವನು ಬೆಂಚ್ ಒದ್ದೆ ಆಗತ್ತೆ ಅಂತ ನಿಂತೇ ಕುಡಿಸಿದ.